ಧ್ವನಿಗೆ ಇಂಜೆಕ್ಷನ್: ಆ ಕುರ್ಚಿಯಲ್ಲಿ ಕೂರುವ ಮುಂಚೆ

ಥೈರಾಯ್ಡ್ ಆಪರೇಷನ್ ಆದ ಮೇಲೆ ಗಂಟಲಲ್ಲಿ ಧ್ವನಿ ಹೊರಡಿಸುವ ಎರಡು ಸ್ವರತಂತುಗಳಲ್ಲಿ ನನ್ನ ಎಡಗಡೆಯದು ಅಲುಗದೆ ನಿಂತುಬಿಟ್ಟಿತು. ಮೂರನೇ ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಮುಂದಿನ ಬೆಂಚಿಗಷ್ಟೇ ಕೇಳಿಸುತ್ತಿತ್ತು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ತಾನೇ ಸರಿಹೋಗುತ್ತೆ ಅಂತ ಎರಡು ತಿಂಗಳು ಸುಮ್ನೆ ಕಳೆದೆ. ನೀವು ಹಾಗೆ ಮಾಡಬೇಡಿ. ಕ್ಯಾಮೆರಾ ಹಾಕಿ ನೋಡುವ ಇಎನ್‌ಟಿ ಡಾಕ್ಟರ ಹತ್ತಿರ ಬೇಗ ಹೋಗಿ.

ಮಾತಾಡುವಾಗ ಎರಡೂ ತಂತುಗಳು ನಡುವೆ ಬಂದು ಸೇರಬೇಕು. ಒಂದು ಬರದಿದ್ದರೆ ಸಂದಿಯಲ್ಲಿ ಗಾಳಿ ಸೋರುತ್ತದೆ. ಇಂಜೆಕ್ಷನ್ ಆ ತಂತುವನ್ನು ಉಬ್ಬಿಸಿ ನಡುವಿಗೆ ತಳ್ಳುತ್ತದೆ, ಅಷ್ಟೇ. ತಂತುವನ್ನು ಅಲುಗಿಸುವ ನರ ಸತ್ತಿದ್ದರೆ ಅದಕ್ಕೆ ಜೀವ ಕೊಡುವುದಿಲ್ಲ.

ಏನು ತುಂಬುತ್ತೀರಿ ಅಂತ ಮೊದಲೇ ಕೇಳಿ. ಹೈಯಲುರಾನಿಕ್ ಆಸಿಡ್ ಕೆಲವು ತಿಂಗಳಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ವರ್ಷದವರೆಗೂ ಉಳಿಯಬಹುದು. ಪೆಟ್ಟಾದ ನರ ಆರರಿಂದ 12 ತಿಂಗಳಲ್ಲಿ ತಾನಾಗಿ ಚೇತರಿಸಿಕೊಳ್ಳುವುದೂ ಉಂಟು. ಅದಕ್ಕೇ ನಾನು ಬೇಗ ಕರಗುವುದನ್ನೇ ಆರಿಸಿಕೊಂಡೆ.

ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ತಪ್ಪದೇ ಹೇಳಿ. ನೀವೇ ನಿಲ್ಲಿಸಬೇಡಿ.

ಈಗ ಕುರ್ಚಿಯ ವಿಷಯ. ಮೂಗಿಗೆ, ಗಂಟಲಿಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಹಾಕುತ್ತಾರೆ. ಕಹಿ. ಆಮೇಲೆ ಎಂಜಲು ನುಂಗಿದರೂ ನುಂಗಿದ ಹಾಗೆ ಅನಿಸುವುದಿಲ್ಲ. ನನಗೆ ಉಸಿರೇ ನಿಂತಂತಾಗಿ ಗಾಬರಿಯಾಯಿತು. ಉಸಿರು ನಿಂತಿರಲಿಲ್ಲ, ಗಂಟಲು ಮರಗಟ್ಟಿತ್ತು. ಇದೊಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಮ್ಮಿ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸುತ್ತಾರೆ. ನನಗೆ ಸೂಜಿ ಹೊರಗಿನಿಂದ, ಕುತ್ತಿಗೆಯ ಮುಂಭಾಗದಲ್ಲಿ ಚುಚ್ಚಿದರು. ಕೆಲವರಿಗೆ ಬಾಯಿಂದಲೂ ಕೊಡುತ್ತಾರೆ. ಭುಜ ಸಡಿಲ ಬಿಡಿ, ನಿಧಾನ ಉಸಿರಾಡಿ. ಕೆಮ್ಮು ಬಂದರೆ ಕೈ ಎತ್ತಿ, ಅವರು ನಿಲ್ಲಿಸುತ್ತಾರೆ. ನಡುನಡುವೆ "ಈ..." ಅನ್ನಿಸುತ್ತಾರೆ. ನನ್ನ ಮೂರನೇ "ಈ" ಗಟ್ಟಿಯಾಗಿ ಬಂತು. ಕಣ್ಣಲ್ಲಿ ನೀರು ಬಂತು.

ಮರಗಟ್ಟಿದ್ದು ಪೂರ್ತಿ ಇಳಿಯುವವರೆಗೆ ಒಂದು ಗುಟುಕು ನೀರೂ ಬೇಡ, ಶ್ವಾಸನಾಳಕ್ಕೆ ಹೋಗಿಬಿಡುತ್ತದೆ. ನನಗೆ ಎರಡು ಗಂಟೆ ಕಾಯಲು ಹೇಳಿದ್ದರು. ಮೊದಲ ಕೆಲವು ದಿನ ಧ್ವನಿ ಬಿಗಿಯಾಗಿ, ಒರಟಾಗಿರಬಹುದು. ಸ್ವಲ್ಪ ಜಾಸ್ತಿಯೇ ತುಂಬಿರುತ್ತಾರೆ, ಹೆದರಬೇಡಿ. ಆದರೆ ಉಸಿರು ಎಳೆಯುವಾಗ ಸದ್ದು ಬಂದರೆ, ಏದುಸಿರು ಬಂದರೆ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ವಾಯ್ಸ್ ಥೆರಪಿ, ಅಂದರೆ ಧ್ವನಿಯ ವ್ಯಾಯಾಮ, ಬಿಡಬೇಡಿ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ. ತಿಂಗಳುಗಟ್ಟಲೆ ಕತ್ತು ಬಿಗಿದು ಮಾತಾಡಿದ ಅಭ್ಯಾಸ ಇಂಜೆಕ್ಷನ್‌ನಿಂದ ಹೋಗುವುದಿಲ್ಲ. ನನಗೆ ಆರು ವಾರ ಹಿಡಿಯಿತು. ಈಗ ಹಾಜರಿ ಕೂಗಿದರೆ ಕೊನೇ ಬೆಂಚಿನಿಂದಲೂ "ಬಂದಿದ್ದೀನಿ ಮಿಸ್" ಅನ್ನುತ್ತಾರೆ.