ಬ್ರೇಕ್ ಹಿಡಿಯೋದಕ್ಕಿಂತ ಬಿಡೋದು ಮುಖ್ಯ: ನನ್ನ ಅನುಭವ

ಹುಬ್ಬಳ್ಳಿಗೆ ಹತ್ತಿರ ಅನ್ನುವಂಥ ಬೈಕ್ ರೇಸ್ ಟ್ರ್ಯಾಕ್ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲಾಂದ್ರೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈಗೆ. ಅಷ್ಟು ದೂರ ಹೋದ ಮೇಲೆ ಟ್ರ್ಯಾಕ್‌ನಲ್ಲಿ ಸಿಗುವ ಸಮಯ ಕಡಿಮೆ. ಹಾಗಾಗಿ ಬ್ರೇಕ್ ಹಿಡಿದು ಬಿಡೋದನ್ನು ಕೈಗೆ ರೂಢಿ ಮಾಡಿಸುವ ಕೆಲಸ ಊರಲ್ಲೇ ಆಗಬೇಕು.

ನಾನು ನನ್ನ 155 ಸಿಸಿ ಯಮಹಾ ಆರ್‌15 ಬೈಕ್ ಓಡಿಸಿ ಅಭ್ಯಾಸ ಮಾಡಿದ್ದು ನವನಗರದ ಆಚೆ, ಇನ್ನೂ ಮನೆ ಎದ್ದಿರದ ಒಂದು ಲೇಔಟ್‌ನಲ್ಲಿ. ಮಾಲೀಕರನ್ನು ಕೇಳಿಕೊಂಡೇ ಹೋಗುತ್ತಿದ್ದೆ. ಬೈಪಾಸ್‌ನಲ್ಲಿ ದಯವಿಟ್ಟು ಬೇಡ. ಹೋದ ಕೂಡಲೇ ಮೊದಲ ಕೆಲಸ ಕಸಬರಿಗೆ ಹಿಡಿಯೋದು. ಟಾರ್ ಮೇಲೆ ಧೂಳು ಕೂತಿದ್ದರೆ ಮುಂದಿನ ಟೈರ್‌ಗೆ ಹಿಡಿತವೇ ಸಿಗಲ್ಲ.

ಬ್ರೇಕ್ ಎಷ್ಟು ತಡವಾಗಿ ಹಿಡಿದೆ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ನನ್ನ ಪ್ರಕಾರ ಕಾರ್ನರ್, ಅಂದ್ರೆ ತಿರುವು, ಚೆನ್ನಾಗಿ ಬರೋದು ಬ್ರೇಕ್ ಬಿಡುವ ರೀತಿಯಿಂದ. ಬಲಗೈಯ ಮುಂದಿನ ಬ್ರೇಕ್ ಲಿವರ್ ಮೇಲೆ ಎರಡು ಬೆರಳು ಸಾಕು. ಮೊದಲು ಸಡಿಲ ಎಳೆದುಕೊಂಡು ಪ್ಯಾಡ್ ಡಿಸ್ಕ್‌ಗೆ ತಾಗಿಸಬೇಕು. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ಕುಸಿಯುತ್ತದೆ, ಭಾರ ಮುಂದೆ ಬರುತ್ತದೆ, ಟೈರ್ ರಸ್ತೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ಇನ್ನಷ್ಟು ಗಟ್ಟಿಯಾಗಿ ಹಿಂಡಬಹುದು. ಭಾರ ಬರುವ ಮುಂಚೆಯೇ ಗಬಕ್ಕನೆ ಹಿಡಿದರೆ ಚಕ್ರ ಲಾಕ್ ಆಗಬಹುದು.

ಬೈಕ್ ವಾಲಲು ಶುರುವಾದ ಮೇಲೆ ಟೈರ್‌ನ ಹಿಡಿತ ಬ್ರೇಕಿಗೂ ತಿರುವಿಗೂ ಹಂಚಿಹೋಗುತ್ತದೆ. ವಾಲಿದಷ್ಟೂ ಬೆರಳು ಸಾವಕಾಶ ಸಡಿಲವಾಗಬೇಕು. ಒಮ್ಮೆಲೇ ಬಿಟ್ಟರೆ ಫೋರ್ಕ್ ಮೇಲೆ ಪುಟಿಯುತ್ತದೆ, ಮುಂದಿನ ಟೈರ್ ಹಗುರಾಗುತ್ತದೆ, ಬೈಕ್ ಹೊರಕ್ಕೆ ಓಡುತ್ತದೆ. ಇದು ಸವಾರನಿಗೆ ಬೇಗ ಗೊತ್ತಾಗಲ್ಲ. ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ಫೋರ್ಕ್ ಮೇಲೆ ಕಣ್ಣಿಟ್ಟು ಮೊಬೈಲ್‌ನಲ್ಲಿ ವಿಡಿಯೋ ಮಾಡಬೇಕು. ಬೈಕಿನ ಮೂತಿ ಎಲ್ಲಿ ಏಳುತ್ತದೆ ಅನ್ನೋದು ನಿಧಾನಗತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಫೋರ್ಕ್ ಕೊಳವೆಗೆ ಒಂದು ಜಿಪ್ ಟೈ ಕಟ್ಟಿ. ಪ್ರತಿ ಸಲ ಅದನ್ನು ಮೊದಲಿನ ಜಾಗಕ್ಕೆ ಸರಿಸಿಟ್ಟರೆ, ಫೋರ್ಕ್ ಎಷ್ಟು ಇಳಿಯಿತು ಅಂತ ಅದು ತೋರಿಸುತ್ತದೆ. ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರೆ ಕೈ ಪಳಗಿದೆ ಅಂತಲೇ ಅರ್ಥ.

ಬ್ರೇಕ್ ಪೂರ್ತಿ ಬಿಟ್ಟ ಮೇಲೆ ಥ್ರಾಟಲ್ (ಆಕ್ಸಿಲರೇಟರ್) ಕೂದಲೆಳೆಯಷ್ಟೇ, ಚೈನ್‌ನ ಸಡಿಲ ಹೋಗುವಷ್ಟೇ ತೆರೆಯುತ್ತೇನೆ. ಬೈಕ್ ಮೇಲೇಳಲು ಶುರುವಾದ ಮೇಲೆಯೇ ಜಾಸ್ತಿ. ಇನ್ನೂ ವಾಲಿಸುತ್ತಲೇ ಥ್ರಾಟಲ್ ತೆರೆದರೆ ದೊಡ್ಡ ಬೈಕಿನ ಹಿಂದಿನ ಟೈರ್ ಜಾರಬಹುದು. 155 ಸಿಸಿಗೆ ಅಷ್ಟು ಶಕ್ತಿ ಇಲ್ಲ ನಿಜ, ಆದರೆ ಲೈನ್, ಅಂದ್ರೆ ತಿರುವಿನಲ್ಲಿ ಬೈಕ್ ಹೋಗುವ ದಾರಿ, ಅಗಲವಾಗಿ ಹೋಗುತ್ತದೆ. ಆಗ ಗಾಬರಿಯಲ್ಲಿ ಥ್ರಾಟಲ್ ಪಟ್ಟನೆ ಮುಚ್ಚಬೇಡಿ, ಭಾರ ಒಮ್ಮೆಲೇ ಮುಂದಿನ ಟೈರ್ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಮಾಡಬೇಕಾದರೆ ಬಲಗೈ ಹಗುರ ಇರಬೇಕು, ಅಲ್ವಾ? ಅದಕ್ಕೇ ಬ್ರೇಕ್ ಹಿಡಿಯುವಾಗ ಮೊಣಕಾಲಿಂದ ಟ್ಯಾಂಕ್ ಗಟ್ಟಿಯಾಗಿ ಒತ್ತಿಕೊಳ್ಳಿ. ಮೈಭಾರ ತೋಳಿನ ಮೇಲಿದ್ದರೆ ಮಣಿಕಟ್ಟು ಸೂಕ್ಷ್ಮವಾಗಿ ಕೆಲಸ ಮಾಡಲ್ಲ.

ಲೇಔಟ್‌ನಲ್ಲಿ 40ರ ವೇಗ ದಾಟುವ ಅಗತ್ಯವಿಲ್ಲ. ವೇಗ 80 ಆದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ಜಾಗ 2 ಪಟ್ಟಲ್ಲ, ಸುಮಾರು 4 ಪಟ್ಟು. ಟ್ರ್ಯಾಕ್‌ನ ಮೊದಲ ಸೆಷನ್‌ನಲ್ಲೂ ನಾನು ಬ್ರೇಕ್ ಪಾಯಿಂಟ್ (ಬ್ರೇಕ್ ಹಿಡಿಯಲು ಶುರುಮಾಡುವ ಜಾಗ) ಬೇಗನೇ ಇಟ್ಟುಕೊಳ್ಳುತ್ತೇನೆ. ಬಿಡುವುದು ನಯವಾದ ಮೇಲೆ, ಒಂದೊಂದು ಬೈಕ್‌ನ ಉದ್ದದಷ್ಟು ಮುಂದಕ್ಕೆ ಸರಿಸುತ್ತೇನೆ.