ಕಳುಹಿಸುವ ಮುನ್ನ ಉಳಿಸಿಕೊಳ್ಳುವುದು: ಒಂದು ಆ್ಯಪ್ ತಿದ್ದಿದ ನನ್ನ ಅನುಭವ

ಸ್ಥಳಕ್ಕೆ ಹೋಗಿ ವಿವರ ಸಂಗ್ರಹಿಸುವ ಕಾರ್ಯಕರ್ತರಿಗಾಗಿ ನಾನು ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆ್ಯಂಡ್ರಾಯ್ಡ್ ಆ್ಯಪ್‌ನ ಬಗ್ಗೆ ಎರಡು ದೂರುಗಳು ಪದೇ ಪದೇ ಬರುತ್ತಿದ್ದವು. ಫಾರ್ಮ್ ತುಂಬುತ್ತಿರುವಾಗ ನಡುವೆ ಕ್ಯಾಮೆರಾ ತೆರೆದು ಫೋಟೊ ತೆಗೆದು ಮರಳಿದರೆ ಫಾರ್ಮ್ ಖಾಲಿಯಾಗಿರುತ್ತದೆ ಎಂಬುದು ಒಂದು. ಒಮ್ಮೆ ಕಳುಹಿಸಿದ ದಾಖಲೆ ಸರ್ವರ್‌ನಲ್ಲಿ ಎರಡು ಮೂರು ಬಾರಿ ಕಾಣಿಸುತ್ತದೆ ಎಂಬುದು ಇನ್ನೊಂದು. ನನ್ನ ಫೋನಿನಲ್ಲಿ ಇವೆರಡೂ ಒಮ್ಮೆಯೂ ಆಗಿರಲಿಲ್ಲ. ಆದರೂ ತುಂಬಿದ್ದನ್ನೆಲ್ಲ ಕಳೆದುಕೊಂಡು ಮತ್ತೆ ಮೊದಲ ಪ್ರಶ್ನೆಯಿಂದ ಆರಂಭಿಸಬೇಕಾದವರ ಬೇಸರ ನನಗೆ ಅರ್ಥವಾಗುತ್ತಿದ್ದುದರಿಂದ, ಹೊಸ ಸೌಲಭ್ಯಗಳ ಕೆಲಸವನ್ನು ಬದಿಗಿಟ್ಟು ಇದರ ಬೆನ್ನು ಹತ್ತಿದೆ.

ಮೊದಲನೆಯ ದೋಷದ ಮೂಲ ಮೆಮೊರಿಯಲ್ಲಿತ್ತು. ಮೆಮೊರಿ ಕಡಿಮೆಯಿರುವ ಫೋನಿನಲ್ಲಿ ಕ್ಯಾಮೆರಾ ತೆರೆದಾಗ ಹಿನ್ನೆಲೆಗೆ ಸರಿದ ನಮ್ಮ ಆ್ಯಪ್‌ನ ಪ್ರಾಸೆಸ್ಸನ್ನೇ, ಅಂದರೆ ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್ಪನ್ನೇ, ಆ್ಯಂಡ್ರಾಯ್ಡ್ ಕೊನೆಗೊಳಿಸುತ್ತಿತ್ತು. ಪರದೆ ತಿರುಗಿಸಿದಾಗ ವ್ಯೂಮಾಡೆಲ್ (ಪರದೆಯ ಮಾಹಿತಿಯನ್ನು ಮೆಮೊರಿಯಲ್ಲಿ ಹಿಡಿದಿಡುವ ಭಾಗ) ಉಳಿಯುತ್ತದೆ ಎಂಬುದನ್ನು ನಂಬಿ ಫಾರ್ಮ್‌ನ ಉತ್ತರಗಳನ್ನೆಲ್ಲ ನಾನು ಅದರಲ್ಲೇ ಇಟ್ಟಿದ್ದೆ. ಪ್ರಾಸೆಸ್ ಹೋದರೆ ವ್ಯೂಮಾಡೆಲ್ ಕೂಡ ಹೋಗುತ್ತದೆ ಎಂಬುದನ್ನು ಓದಿ ತಿಳಿದಿದ್ದರೂ ಪರೀಕ್ಷಿಸಿ ನೋಡಿರಲಿಲ್ಲ. ಡೆವಲಪರ್ ಆಯ್ಕೆಗಳಲ್ಲಿರುವ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಈ ಪರೀಕ್ಷೆಗೆ ಸಾಲದು, ಏಕೆಂದರೆ ಅದು ಆ್ಯಕ್ಟಿವಿಟಿಗಳನ್ನು, ಅಂದರೆ ಆ್ಯಪ್‌ನ ಪರದೆಗಳನ್ನು, ಮಾತ್ರ ತೆಗೆಯುತ್ತದೆ, ಸಿಂಗಲ್‌ಟನ್‌ಗಳಲ್ಲಿರುವ (ಇಡೀ ಆ್ಯಪ್‌ಗೆ ಒಂದೊಂದೇ ಇರುವ ವಸ್ತುಗಳಲ್ಲಿರುವ) ಮೌಲ್ಯಗಳು ಹಾಗೆಯೇ ಉಳಿದು ಎಲ್ಲವೂ ಸರಿಯಾಗಿದೆ ಎಂಬ ಭಾವನೆ ಮೂಡಿಸುತ್ತವೆ. ಹೋಮ್ ಬಟನ್ ಒತ್ತಿ ಆ್ಯಪ್ ಹಿನ್ನೆಲೆಗೆ ಹೋದ ಮೇಲೆ ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನದ ಮೂಲಕ, ಪ್ರಾಸೆಸ್ಸನ್ನು ಕೊನೆಗೊಳಿಸುವ ‘ಎಎಂ ಕಿಲ್’ ಆದೇಶ ಕೊಟ್ಟು, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆದಾಗ ಖಾಲಿ ಫಾರ್ಮ್ ಮೊದಲ ಬಾರಿಗೆ ನನ್ನ ಕಣ್ಣೆದುರು ಬಂತು.

ನನ್ನ ಮೊದಲ ಪರಿಹಾರ ತಪ್ಪಾಗಿತ್ತು. ಎಲ್ಲ ಉತ್ತರಗಳನ್ನೂ ಚಿಕ್ಕ ಫೋಟೊಗಳನ್ನೂ ಒಟ್ಟಿಗೆ ಬಂಡಲ್‌ಗೆ, ಅಂದರೆ ಪರದೆಯನ್ನು ಮತ್ತೆ ಕಟ್ಟಲು ಆ್ಯಂಡ್ರಾಯ್ಡ್ ಕಾದಿಡುವ ಪೊಟ್ಟಣಕ್ಕೆ, ತುಂಬಿದೆ. ಆ ಬಂಡಲ್ ಆ್ಯಪ್‌ನಿಂದ ಆ್ಯಂಡ್ರಾಯ್ಡ್‌ಗೆ ಹೋಗುವುದು ಬೈಂಡರ್ ಎಂಬ ಸಂಪರ್ಕ ವ್ಯವಸ್ಥೆಯ ಮೂಲಕ. ಬೈಂಡರ್ ವ್ಯವಹಾರಗಳಿಗೆ ಒಂದು ಪ್ರಾಸೆಸ್ಸಿಗೆ ಸಿಗುವ ಬಫರ್ ಸುಮಾರು 1 ಎಂಬಿ ಮಾತ್ರ, ಅದನ್ನೂ ಆ ಹೊತ್ತಿನಲ್ಲಿ ನಡೆಯುತ್ತಿರುವ ಎಲ್ಲ ವ್ಯವಹಾರಗಳು ಹಂಚಿಕೊಳ್ಳುತ್ತವೆ. ಹೀಗಾಗಿ ಫೋಟೊ ಹೆಚ್ಚಾದಾಗ ಆ್ಯಪ್ ಕುಸಿಯತೊಡಗಿತು. ಬಳಿಕ ಫೋನಿನಲ್ಲೇ ಇರುವ ರೂಮ್ ಡೇಟಾಬೇಸಿನಲ್ಲಿ ಕರಡುಗಳಿಗೆಂದೇ ಒಂದು ಟೇಬಲ್ ಮಾಡಿ, ಬಂಡಲ್‌ನಲ್ಲಿ ಆ ಕರಡಿನ ಗುರುತು ಸಂಖ್ಯೆಯನ್ನು ಮಾತ್ರ ಇಟ್ಟೆ. ಬಳಕೆದಾರರು ಬರೆಯುವುದನ್ನು ಅರ್ಧ ಸೆಕೆಂಡು ನಿಲ್ಲಿಸಿದಾಗ ಕರಡು ಉಳಿಯುತ್ತದೆ, ಪರದೆ ಹಿನ್ನೆಲೆಗೆ ಸರಿಯುವಾಗ ಕಾಯದೆ ಉಳಿಯುತ್ತದೆ. ಈ ಕೊನೆಯ ಬರಹವನ್ನು ವ್ಯೂಮಾಡೆಲ್‌ನ ಕೊರೂಟಿನ್ ಸ್ಕೋಪಿನಲ್ಲಿ (ಹಿನ್ನೆಲೆ ಕೆಲಸಗಳು ಎಷ್ಟು ಹೊತ್ತು ಬದುಕಬೇಕೆಂದು ನಿರ್ಧರಿಸುವ ಚೌಕಟ್ಟಿನಲ್ಲಿ) ಮಾಡಬಾರದು; ಪರದೆ ಮುಚ್ಚಿದೊಡನೆ ಆ ಸ್ಕೋಪ್ ರದ್ದಾಗಿ ಕೊನೆಯ ಉತ್ತರ ಕಳೆದುಹೋಗುತ್ತದೆ. ಇಡೀ ಆ್ಯಪ್‌ಗೆ ಸೇರಿದ ಪ್ರತ್ಯೇಕ ಸ್ಕೋಪನ್ನು ನಾನು ಅದಕ್ಕಾಗಿ ಇಟ್ಟುಕೊಂಡಿದ್ದೇನೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಸರ್ವರ್ ಜೊತೆ ಮಾತಾಡಲು ಆ್ಯಪ್ ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿಯಲ್ಲಿ ಉತ್ತರಕ್ಕಾಗಿ ಕಾಯುವ ಅವಧಿ ನಾವು ಬದಲಿಸದಿದ್ದರೆ 10 ಸೆಕೆಂಡು. ದುರ್ಬಲ ನೆಟ್‌ವರ್ಕ್‌ನಲ್ಲಿ ದಾಖಲೆ ಸರ್ವರ್ ತಲುಪಿ ಅಲ್ಲಿ ಉಳಿದರೂ ಅದರ ಉತ್ತರ ನಮಗೆ ಬರುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ಆ್ಯಪ್ ವಿಫಲವೆಂದು ತೋರಿಸುತ್ತಿತ್ತು, ಬಳಕೆದಾರರು ಮತ್ತೆ ಬಟನ್ ಒತ್ತುತ್ತಿದ್ದರು. ಅವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಪ್ರತಿ ದಾಖಲೆಗೂ ಆ್ಯಪ್‌ನಲ್ಲೇ ಒಂದು ಯುಯುಐಡಿ, ಅಂದರೆ ಬೇರೆ ಯಾವ ದಾಖಲೆಗೂ ಇರದ ಗುರುತು, ಕೊಟ್ಟು, ಅದೇ ಯುಯುಐಡಿ ಮತ್ತೆ ಬಂದರೆ ಹೊಸ ಸಾಲು ಸೇರಿಸದೆ ಹಿಂದಿನ ಉತ್ತರವನ್ನೇ ಮರಳಿಸುವಂತೆ ಸರ್ವರ್ ಬದಿಯಲ್ಲಿ ಬದಲಿಸಿದೆವು. ಆದರೂ ನಕಲುಗಳು ನಿಲ್ಲಲಿಲ್ಲ. ನಾನು ಯುಯುಐಡಿಯನ್ನು ಕಳುಹಿಸುವ ಕ್ಷಣದಲ್ಲಿ ಹುಟ್ಟಿಸುತ್ತಿದ್ದೆ, ಆದ್ದರಿಂದ ಪ್ರತಿ ಮರುಪ್ರಯತ್ನಕ್ಕೂ ಹೊಸದೊಂದು ಹುಟ್ಟುತ್ತಿತ್ತು. ಕರಡು ಹುಟ್ಟುವಾಗಲೇ ಅದನ್ನು ಹುಟ್ಟಿಸಿ ಡೇಟಾಬೇಸಿನಲ್ಲಿ ಬರೆದಿಟ್ಟ ಮೇಲೆ ನಕಲುಗಳು ನಿಂತವು.

ಇದರ ಜೊತೆಗೆ ‘ಕಳುಹಿಸು’ ಬಟನ್ ಸರ್ವರನ್ನು ನೇರವಾಗಿ ಸಂಪರ್ಕಿಸುವುದನ್ನೇ ಬಿಡಿಸಿದೆ. ಬಟನ್ ಒತ್ತಿದಾಗ ಕರಡು ಪೂರ್ಣವಾಗಿದೆ ಎಂಬ ಗುರುತೂ ರವಾನೆಯ ಟೇಬಲಿಗೆ ಒಂದು ಸಾಲೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬಂತೆ) ಸೇರುತ್ತವೆ, ಅಷ್ಟೇ. ಮುಂದಿನದನ್ನು ಆ್ಯಂಡ್ರಾಯ್ಡ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ವರ್ಕ್‌ಮ್ಯಾನೇಜರ್ ನೋಡಿಕೊಳ್ಳುತ್ತದೆ: ನೆಟ್‌ವರ್ಕ್ ಇದ್ದಾಗ ಕಳುಹಿಸುತ್ತದೆ, ವಿಫಲವಾದರೆ 30 ಸೆಕೆಂಡಿನಿಂದ ಆರಂಭಿಸಿ ಪ್ರತಿ ಬಾರಿ ಅಂತರವನ್ನು ಇಮ್ಮಡಿಸುತ್ತ ಮತ್ತೆ ಯತ್ನಿಸುತ್ತದೆ. ಎಲ್ಲ ವೈಫಲ್ಯಗಳನ್ನೂ ಒಂದೇ ರೀತಿ ಕಾಣುವುದು ಸರಿಯಲ್ಲ. ಸರ್ವರ್ ಮರಳಿಸುವ ಸಂಕೇತಗಳಲ್ಲಿ 500ರ ಸಾಲಿನ ದೋಷಗಳಿಗೂ (ಸರ್ವರ್‌ನದೇ ತೊಂದರೆ) 429ಕ್ಕೂ (ಕೋರಿಕೆಗಳು ಮಿತಿಮೀರಿವೆ) ಮರುಪ್ರಯತ್ನ ಬೇಕು; 400 ಬಂದರೆ ದಾಖಲೆಯಲ್ಲೇ ತಪ್ಪಿದೆ ಎಂದರ್ಥ, ಅದನ್ನು ನೂರು ಸಲ ಕಳುಹಿಸಿದರೂ ಫಲವಿಲ್ಲ, ಬಳಕೆದಾರರಿಗೆ ತೋರಿಸಿ ತಿದ್ದಿಸಬೇಕು. ಪಟ್ಟಿಯ ಪ್ರತಿ ದಾಖಲೆಯ ಪಕ್ಕದಲ್ಲಿ ‘ಕಳುಹಿಸಬೇಕಿದೆ’, ‘ತಲುಪಿದೆ’, ‘ತಿದ್ದಬೇಕಿದೆ’ ಎಂಬ ಸ್ಥಿತಿ ಕಾಣಿಸತೊಡಗಿದ ಮೇಲೆ ಬಟನ್ ಮತ್ತೆ ಮತ್ತೆ ಒತ್ತುವುದು ತಾನಾಗಿಯೇ ಕಡಿಮೆಯಾಯಿತು.

ಫೋಟೊಗಳನ್ನು ದಾಖಲೆಯಿಂದ ಬೇರ್ಪಡಿಸಿ ಪ್ರತ್ಯೇಕ ಸಾಲುಗಳಾಗಿ ಕಳುಹಿಸುತ್ತೇನೆ. 4000×3000 ಪಿಕ್ಸೆಲ್‌ಗಳ ಚಿತ್ರವೊಂದನ್ನು ಪಿಕ್ಸೆಲ್ಲಿಗೆ 4 ಬೈಟ್‌ನಂತೆ ಮೆಮೊರಿಗೆ ತಂದರೆ 48 ಎಂಬಿ ಬೇಕಾಗುತ್ತದೆ. ಓದುವಾಗಲೇ ಅಗಲ ಎತ್ತರಗಳನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿದರೆ 3 ಎಂಬಿ ಸಾಕು.

ಇಷ್ಟೆಲ್ಲ ಆದ ಮೇಲೂ ಒಂದು ಅಪಾಯ ಕೋಡ್‌ನಲ್ಲಿ ಉಳಿದಿತ್ತು. ಆರಂಭದ ದಿನಗಳಲ್ಲಿ ಅನುಕೂಲಕ್ಕೆಂದು ಡೇಟಾಬೇಸ್ ಕಟ್ಟುವ ಜಾಗದಲ್ಲಿ ‘ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಷನ್’ ಎಂಬ ಸಾಲು ಬರೆದಿದ್ದೆ. ಆ ಸಾಲಿದ್ದಾಗ, ಟೇಬಲ್‌ಗಳ ರಚನೆ ಬದಲಾಗಿ ಹಳೆಯ ಮಾಹಿತಿಯನ್ನು ಹೊಸ ರಚನೆಗೆ ಒಯ್ಯುವ ಮೈಗ್ರೇಷನ್ ಸಿಗದಿದ್ದರೆ ರೂಮ್ ಹಳೆಯ ಟೇಬಲ್‌ಗಳನ್ನು ಅಳಿಸಿ ಹೊಸದಾಗಿ ಕಟ್ಟುತ್ತದೆ. ಸರ್ವರ್‌ನಿಂದ ತಂದ ಪ್ರತಿ ಮಾತ್ರ ಫೋನಿನಲ್ಲಿದ್ದಾಗ ಅದರಿಂದ ನಷ್ಟವಿರಲಿಲ್ಲ, ಈಗ ಇನ್ನೂ ಕಳುಹಿಸದ ದಾಖಲೆಗಳಿಗೆ ಆ ಫೋನ್ ಬಿಟ್ಟರೆ ಬೇರೆ ನೆಲೆಯಿಲ್ಲ. ಆ ಸಾಲನ್ನು ತೆಗೆದುಹಾಕಿದೆ. ಅಂದಿನಿಂದ ಪ್ರತಿ ಮೈಗ್ರೇಷನ್‌ನ ಪರೀಕ್ಷೆಯಲ್ಲಿ ಹಳೆಯ ಆವೃತ್ತಿಯ ಡೇಟಾಬೇಸಿಗೆ ಕಳುಹಿಸಬೇಕಿರುವ ಮೂರು ದಾಖಲೆಗಳನ್ನು ಸೇರಿಸಿ, ಹೊಸ ಆವೃತ್ತಿಯಲ್ಲಿ ಆ ಮೂರೂ ಅದೇ ಯುಯುಐಡಿಗಳೊಂದಿಗೆ ಇವೆಯೇ ಎಂದು ನೋಡದೆ ಆ್ಯಪ್‌ ಅನ್ನು ಬಿಡುಗಡೆ ಮಾಡುವುದಿಲ್ಲ.