ಹಳೆ ರೇಂಜ್‌ಫೈಂಡರ್ ಕ್ಯಾಮೆರಾಗೆ ಹೊಸ ಲೈಟ್ ಸೀಲ್ ಹಾಕೋದು ಹೇಗೆ

1966ರ ಯಾಶಿಕಾ ಎಲೆಕ್ಟ್ರೋ 35 ಇರ್ಲಿ, 1972ರ ಕ್ಯಾನೊನೆಟ್ ಕ್ಯೂಎಲ್17 ಜಿ3 ಇರ್ಲಿ, ಇಂಥ ರೇಂಜ್‌ಫೈಂಡರ್‌ಗೆ (ಲೆನ್ಸ್ ಮೂಲಕ ಅಲ್ಲ, ಬೇರೆ ಕಿಟಕೀಲಿ ನೋಡಿ ಫೋಕಸ್ ಮಾಡೋ ಕ್ಯಾಮೆರಾಗೆ) ರೋಲ್ ಹಾಕಿ ಡೆವಲಪ್ ಮಾಡಿಸಿದ್ಮೇಲೆ ಫೋಟೊ ಮೇಲೆಲ್ಲಾ ಕಿತ್ತಳೆ ಪಟ್ಟೆ ಬಂದಿದ್ದು ನೋಡಿ "ಲೆನ್ಸ್ ಹೋಯ್ತು" ಅಂತ ಕ್ಯಾಮೆರಾನ ಮೂಲೆಗೆ ಹಾಕಿದೋರನ್ನ ಬೇಕಾದಷ್ಟು ನೋಡಿದೀನಿ. ಲೆನ್ಸ್‌ಗೆ ಏನೂ ಆಗಿರಲ್ಲ. ಹಿಂದಿನ ಬಾಗಿಲ ಸಂದೀಲಿ ಬೆಳಕು ತಡೆಯೋ ಫೋಮ್, ಅಂದ್ರೆ ಲೈಟ್ ಸೀಲ್, ಕರಗಿ ಡಾಂಬರಿನ ಥರ ಆಗಿರುತ್ತೆ, ಅಲ್ಲಿಂದ ಬೆಳಕು ನುಗ್ಗುತ್ತೆ.

ಐಸೋಪ್ರೊಪೈಲ್ ಆಲ್ಕೋಹಾಲ್, ಇಯರ್‌ಬಡ್ಸ್, ಟೂತ್‌ಪಿಕ್, ಕಪ್ಪು ಉಲ್ಲನ್ ದಾರ, ಅಂಟಿರೋ ತೆಳು ಫೋಮ್ ಶೀಟ್ ತಗೊಳ್ಳಿ. ನೇಲ್‌ಪಾಲಿಶ್ ರಿಮೂವರ್ ಬೇಡವೇ ಬೇಡ, ಅದರಲ್ಲಿ ಅಸಿಟೋನ್ ಇದ್ರೆ ಪೇಂಟೂ ಪ್ಲಾಸ್ಟಿಕ್ಕೂ ಎರಡೂ ಹಾಳು.

ಹಳೇ ಫೋಮ್ ತೆಗೆಯೋದೇ ಅಸಲಿ ಕೆಲಸ, ಎಲ್ರೂ ಎಡವೋದು ಇಲ್ಲೇ. ಈ ಕ್ಯಾಮೆರಾಗಳಲ್ಲಿ ಶಟರ್ (ಬೆಳಕು ಬಿಟ್ಟು ಮುಚ್ಚೋ ಪರದೆ) ಲೆನ್ಸ್ ಒಳಗೇ ಇರೋದ್ರಿಂದ ಲೆನ್ಸಿನ ಹಿಂದಿನ ಗಾಜು ಬಾಗಿಲು ತೆಗೆದ ಕೂಡ್ಲೇ ಎದುರಿಗೇ ಇರುತ್ತೆ, ಮೊದಲು ಫಿಲ್ಮ್ ಬರೋ ಜಾಗಕ್ಕೆ ಕಾಗದ ಮುಚ್ಚಿ ಮಾಸ್ಕಿಂಗ್ ಟೇಪ್ ಹಾಕಿ. ಆಲ್ಕೋಹಾಲ್ ಸುರೀಬೇಡಿ, ಬಡ್ ಅದ್ದಿ, ಹಿಂಡಿ, ಸಂದಿಗೆ ಸವರಿ ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ. ಮೆತ್ತಗಾದ್ಮೇಲೆ ಟೂತ್‌ಪಿಕ್ಕಲ್ಲಿ ಒಂದೇ ದಿಕ್ಕಿಗೆ ಎಳೀತಾ ಬನ್ನಿ, ಪ್ರತಿ ಸಲ ತುದಿ ಒರೆಸಿ, ಇಲ್ಲಾಂದ್ರೆ ತೆಗೆದಿದ್ದನ್ನೇ ವಾಪಸ್ ಬಳಿದಂಗೆ. ಬಾಗಿಲು ಕೆಳಮುಖ ಇರ್ಲಿ, ಪುಡಿ ಆಚೆ ಬೀಳುತ್ತೆ. ನಾನೊಮ್ಮೆ ಬಾಯಲ್ಲಿ ಊದಿ, ಗಾಜಿನ ಮೇಲೆ ಅಂಟಿದ ಒಂದು ಚೂರು ಬಿಡಿಸೋಕೆ ಇಡೀ ಸಂಜೆ ಕಳೆದೆ. ಸ್ಕ್ರೂಡ್ರೈವರ್ ಮುಟ್ಟಬೇಡಿ, ಕಪ್ಪು ಪೇಂಟ್ ಕಿತ್ತು ಬಂದ್ರೆ ಒಳಗೆ ಲೋಹ ಹೊಳೆಯುತ್ತೆ. ಬಡ್ ಬಿಳಿಯಾಗೇ ಬರೋವರೆಗೂ ಬಿಡಬೇಡಿ, ಒಂದು ಗಂಟೆ ಹಿಡಿದ್ರೂ ಸರಿ.

ಹೊಸದು ಹಾಕೋದು ಸುಲಭ. ಉದ್ದನೆ ಸಂದಿಗೆ ಉಲ್ಲನ್ ದಾರ ಒತ್ತಿ, ತುದೀಲಿ ಚೂರು ಅಂಟು. ಬಾಗಿಲ ಕೀಲಿನ ಕಡೆ ಫೋಮ್ ಶೀಟಿನ ಅಗಲ ಪಟ್ಟಿ ಬೇಕು, ಅಂಟಿನ ಬದಿಗೆ ಸ್ವಲ್ಪ ನೀರು ಸವರಿದ್ರೆ ಜರುಗಿಸಿ ಕೂರಿಸ್ಬೋದು. ಕಿಟಕಿಗೆ ಹಾಕೋ ಫೋಮ್ ದಪ್ಪ, ಅದನ್ನ ಹಾಕಿದ್ರೆ ಬಾಗಿಲೇ ಮುಚ್ಚಲ್ಲ.

ಹಂಗೇ ಬ್ಯಾಟರೀನೂ ನೋಡ್ಕೊಳ್ಳಿ. ಕ್ಯೂಎಲ್17 ಜಿ3ಗೆ 1.35 ವೋಲ್ಟ್ ಮರ್ಕ್ಯುರಿ ಸೆಲ್ ಇತ್ತು, ಅದರ ಬದಲು 1.5 ವೋಲ್ಟ್ ಆಲ್ಕಲೈನ್ ಹಾಕಿದ್ರೆ ಬೆಳಕು ಅಳೆಯೋ ಮೀಟರ್ ಬೆಳಕು ಜಾಸ್ತಿ ಇದೆ ಅನ್ಕೊಂಡು ಫೋಟೊ ಕಪ್ಪಾಗುತ್ತೆ. ಕಿವಿ ಮಷೀನಿನ 675 ಬ್ಯಾಟರಿ ಸುತ್ತ ರಬ್ಬರ್ ರಿಂಗ್ ಹಾಕಿ ಕೂರಿಸಿ, ನನಗದೇ ಇಷ್ಟ.

ಹೊಸ ಸೀಲ್ ಬೆಳಕು ತಡೀತಿದ್ಯಾ ಅಂತ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡೋದನ್ನ ನಾನು ನಂಬಲ್ಲ. ಅಗ್ಗದ ರೋಲ್ ಹಾಕಿ, ಕ್ಯಾಮೆರಾನ ತಿರುಗಿಸ್ತಾ ಅರ್ಧ ಗಂಟೆ ಬಿಸಿಲಲ್ಲಿಡಿ, ಆಮೇಲೆ ಡೆವಲಪ್ ಮಾಡಿಸಿ ಪಟ್ಟೆ ಇದ್ಯಾ ನೋಡಿ.